ಎರೆಮಣ್ಣು ತೋರಿಸಲಿಲ್ಲ

ನಮ್ಮೂರಿನ ಹೆಂಗಸರು ಬೆಳಗಾಗುವುದಕ್ಕೆ ಬಹಳ ಮೊದಲೇ ಏಳುತ್ತಿದ್ದರು. ಚರಗಿಯಲ್ಲಿ ನೀರು ತುಂಬಿಕೊಂಡು, ಒಬ್ಬರು ಇನ್ನೊಬ್ಬರ ಬಾಗಿಲ ಮುಂದೆ ನಿಂತು ಸಣ್ಣಗೆ ಕೆಮ್ಮುತ್ತಿದ್ದರು. ಆ ಕೆಮ್ಮೇ ಕರೆ. ನಾಲ್ಕಾರು ಮಂದಿ ಕೂಡಿದ ಮೇಲೆ ಊರ ಪಡುವಣ ದಿಕ್ಕಿನ ಎರೆಹೊಲದ ಕಡೆ ಬಹಿರ್ದೆಸೆಗೆ ನಡೆಯುತ್ತಿದ್ದೆವು. ಯಾರ ಮುಖವೂ ಯಾರಿಗೂ ಕಾಣದು. ಬಳೆಯ ಸದ್ದು, ಕಾಲುಂಗುರದ ಸದ್ದು, ದನಿ, ಅಷ್ಟೇ. ಹಿಂಗಾರಿ ದಿನಗಳಲ್ಲಿ ಕಡಲೆ ಗಿಡದ ಮೇಲಿನ ಇಬ್ಬನಿ ಸೀರೆಯ ಅಂಚಿಗೆ ಹತ್ತಿ, ಮನೆಗೆ ಬಂದ ಮೇಲೂ ಅದರ ಹುಳಿಗೆ ಕಾಲು ಕಡಿಯುತ್ತಿತ್ತು. ಅರ್ಧ ನಿದ್ದೆಯಲ್ಲೇ ಹೋಗಿ ಅರ್ಧ ನಿದ್ದೆಯಲ್ಲೇ ಬರುತ್ತಿದ್ದೆ. ಆ ನಡಿಗೆಯನ್ನು ನೆನೆದಾಗಲೆಲ್ಲ ಅದು ಎಚ್ಚರದಲ್ಲಿ ನಡೆದದ್ದೋ ಕನಸಿನಲ್ಲೋ ಎಂಬ ಅನುಮಾನ ಈಗಲೂ ಬರುತ್ತದೆ.

ನನ್ನ ಬೇನೆ ಬೆಳೆದದ್ದು ಆ ಕತ್ತಲಲ್ಲಿ. ಬರೆಯಲು ಇಷ್ಟು ವರ್ಷ ಬೇಕಾಯಿತು. ಬಾಯಿಬಿಟ್ಟು ಹೇಳಲಾಗದ ಜಾಗದ ಬೇನೆ ಅದು. ಹೇಳಲಾಗದೆ ಸುಮ್ಮನೆ ಕುಳಿತವರು ನಮ್ಮ ಕಡೆ ಇನ್ನೂ ಇದ್ದಾರೆ ಎಂದು ಗೊತ್ತಿರುವುದರಿಂದ ಬರೆಯುತ್ತಿದ್ದೇನೆ.

ನನ್ನ ಹೆಸರು ಶಾಂತಾ. ದೊಡವಾಡದಿಂದ ಬೈಲಹೊಂಗಲಕ್ಕೆ ಹೋಗುವ ಬಸ್ಸು ಹಾಯುವ ಒಂದು ಸಣ್ಣ ಊರಿನ ಸೊಸೆ, ಅದೇ ಊರಿನ ಪ್ರಾಥಮಿಕ ಶಾಲೆಯ ಶಿಕ್ಷಕಿ. ಮನೆಯವರು ಈರಪ್ಪ, ಒಕ್ಕಲುತನ. ಮಾತು ಕಡಿಮೆ. ಅವರ ಪಾಲಿನ ಮಾತನ್ನೂ ನಮ್ಮ ಅತ್ತೆ ಚೆನ್ನವ್ವ ಆಡಿ ಮುಗಿಸುತ್ತಾರೆ. ಒಬ್ಬಳೇ ಮಗಳು ಸವಿತಾ, ಆಗಿನ್ನೂ ನನ್ನ ಶಾಲೆಯಲ್ಲೇ ಓದುತ್ತಿದ್ದಳು.

ತೊಂಬತ್ತರ ದಶಕದ ಕೊನೆಯ ವರ್ಷಗಳು. ನನಗಿನ್ನೂ ನಲವತ್ತು ತುಂಬಿರಲಿಲ್ಲ. ಶಿಕ್ಷಕರ ತರಬೇತಿಗೆಂದು ಧಾರವಾಡಕ್ಕೆ ಹೋಗಿದ್ದೆ. ನಾವು ಉಳಿದುಕೊಂಡ ಕಟ್ಟಡದ ಸಂಡಾಸಿನಲ್ಲಿ ಬಿಳಿ ಪಿಂಗಾಣಿ, ಮೇಲೊಂದು ಗಾಜಿನ ಕಿಂಡಿ. ಅಷ್ಟು ಬೆಳಕಿನಲ್ಲಿ ಕೂರಲು ಮೊದಮೊದಲು ನಾಚಿಕೆಯಾಯಿತು. ರೂಢಿಯಾದ ಮೇಲೆ ಒಂದು ಬೆಳಿಗ್ಗೆ ಕೆಳಗೆ ನೋಡಿದೆ. ಕುಂಕುಮದ ನೀರು ಚೆಲ್ಲಿದ ಹಾಗಿತ್ತು. ತಿಂಗಳ ದಿನವಲ್ಲ. ಕಿಂಡಿಯಿಂದ ಬಿದ್ದ ಬಿಸಿಲು ಆ ಕೆಂಪಿನ ಮೇಲೆ ಸುಮ್ಮನೆ ಕುಳಿತಿತ್ತು. ನೀರು ಹಾಕಿದೆ. ಹೋಯಿತು. ಮತ್ತೆ ಬಿಳಿ.

ನನ್ನ ಕೋಣೆಯಲ್ಲಿದ್ದವರು ರಾಮದುರ್ಗದ ಕಡೆಯ ಒಬ್ಬ ಹಿರಿಯ ಶಿಕ್ಷಕಿ. ಅಂಜುತ್ತ ಅವರಿಗೆ ಹೇಳಿದೆ. ಅವರು ನಕ್ಕುಬಿಟ್ಟರು.

"ಮೂಲವ್ಯಾಧಿರಿ ಅಕ್ಕೋರ ಅದು! ನಮ್ಮ ಕಡೆ ಯಾರಿಗಿಲ್ಲ ಹೇಳ್ರಿ? ಮೂರೂ ಹೊತ್ತ ರೊಟ್ಟಿಗೆ ರಂಜಕ ಹಚಗೊಂಡ ತಿಂದ್ರ ಇನ್ನೇನ ಹಾಲ ಬರತೈತೇನು?"

ನಾನೂ ನಕ್ಕೆ. ಕೆಂಪು ಮೆಣಸಿನಕಾಯಿಯ ರಂಜಕವಿಲ್ಲದೆ ನಮ್ಮ ಮನೆಯಲ್ಲಿ ಯಾರ ಊಟವೂ ಸಾಗುತ್ತಿರಲಿಲ್ಲ. ನಕ್ಕ ಮೇಲೆ ಅಂಜಿಕೆ ಇಳಿಯಿತು.

ಊರಿಗೆ ಹಿಂದಿರುಗುವಾಗ, ಅವರು ಹೇಳಿದ ವಿಳಾಸ ಹಿಡಿದು ಮಲಪ್ರಭೆಯ ದಂಡೆಯ ಒಂದು ಹಳ್ಳಿಯಲ್ಲಿ ಮೂಲವ್ಯಾಧಿಗೆ ಔಷಧ ಕೊಡುವ ಅಜ್ಜನನ್ನು ಕಂಡೆ. ಅವರು ಮೈ ಮುಟ್ಟಲಿಲ್ಲ, ಏನೂ ಕೇಳಲಿಲ್ಲ. ಒಂದು ಪುಡಿ ಕೊಟ್ಟು, ಮಜ್ಜಿಗೆಯಲ್ಲಿ ಕುಡಿಯಲು ಹೇಳಿ, "ರಕ್ತ ನಿಂತರ ರೋಗ ನಿಂತಂಗ, ತಿಳೀತಿಲ್ಲ?" ಎಂದರು.

ಪುಡಿ ಮುಗಿಯಿತು. ಬೆಳಗಿನ ಕತ್ತಲಲ್ಲಿ ಎರೆಹೊಲಕ್ಕೆ ಹೋದೆ, ಬಂದೆ. ಕೆಂಪು ಕಾಣಲಿಲ್ಲ. ಮರುದಿನವೂ ಕಾಣಲಿಲ್ಲ. ಎಲ್ಲಿಂದ ಕಂಡೀತು? ಮೇಲೆ ಕತ್ತಲೆ, ಕೆಳಗೆ ಕರಿ ಮಣ್ಣು. ಎರೆಮಣ್ಣು ಮೇಲೆ ಬಿದ್ದದ್ದನ್ನು ಕುಡಿದು ಬಾಯಿ ಮುಚ್ಚಿಕೊಳ್ಳುತ್ತದೆ. ಇಷ್ಟು ಸರಳ ಮಾತು ನನಗೆ ಹೊಳೆಯಲೇ ಇಲ್ಲ. ಮನೆಯವರಿಗೆ "ಅರಾಮ ಆತ್ರಿ" ಎಂದೆ. ಗುಣವಾದ ಮೇಲೆ ಔಷಧ ಕೊಟ್ಟವರಿಗೆ ಒಂದು ತೆಂಗಿನಕಾಯಿ, ಒಂದು ಕುಪ್ಪಸದ ಕಣ ಕಳಿಸುವುದು ನಮ್ಮ ಕಡೆಯ ರೂಢಿ. ಆ ಊರಿನತ್ತ ಹೊರಟ ಒಬ್ಬರ ಕೈಯಲ್ಲಿ ಅದನ್ನೂ ಕಳಿಸಿದೆ. ನನ್ನ ಒಳಗೆ ಅದು ಬೆಳೆಯುತ್ತಲೇ ಇತ್ತು, ಹೊರಗೆ ನಾನು ಕೃತಜ್ಞಳಾಗಿ ಕಾಯಿ ಕಳಿಸಿದ್ದೆ.

ಮುಂದಿನ ಬೇಸಿಗೆಯ ಹೊತ್ತಿಗೆ ಹಲಗೆಯ ಮೇಲೆ ಬರೆಯಲು ಕೈ ಎತ್ತಿದರೆ ತೋಳು ನೋಯುತ್ತಿತ್ತು. ಹೊರಗೆ ಹೋದರೆ ಬೇಗ ಏಳಲಾಗುತ್ತಿರಲಿಲ್ಲ. ಇನ್ನೂ ಇದೆ, ಇನ್ನೂ ಇದೆ ಎನಿಸುವುದು; ಏನೂ ಇರುತ್ತಿರಲಿಲ್ಲ. ಮಗ್ಗುಲ ಮನೆಯ ಗಂಗವ್ವ ದಾರಿಯಲ್ಲಿ ನಿಂತು ಕೂಗುತ್ತಿದ್ದಳು:

"ಅಕ್ಕೋರ, ಅಲ್ಲೇನ ಹಾಜರಿ ತಗೊಳ್ಳಾಕ ಹತ್ತೀರೇನು? ಬೆಳಕ ಹರೀತು, ಏಳ್ರಿ!"

ಕತ್ತಲಲ್ಲಿ ಎಲ್ಲರೂ ನಗುತ್ತಿದ್ದರು. ನಾನು ಜಾಲಿಕಂಟಿಯ ಮರೆಯಲ್ಲಿ, ನಗು ನಿಲ್ಲುವುದನ್ನೇ ಕಾಯುತ್ತಿದ್ದೆ.

ಒಂದು ದಿನ ಶಾಲೆಯ ಪ್ರಾರ್ಥನೆಯ ಹೊತ್ತಿನಲ್ಲಿ ಮಕ್ಕಳ ದನಿ ದೂರ ದೂರ ಹೋದಂತೆನಿಸಿತು. ಅಂಗಳ ಮೆಲ್ಲಗೆ ಮೇಲೆದ್ದು ಬಂತು. ಕಣ್ಣು ಬಿಟ್ಟಾಗ ಬೈಲಹೊಂಗಲದ ದವಾಖಾನೆಯ ಹಾಸಿಗೆಯಲ್ಲಿದ್ದೆ, ಬಾಗಿಲಲ್ಲಿ ಮನೆಯವರು ನಿಂತಿದ್ದರು. ವಯಸ್ಸಾದ ಡಾಕ್ಟರು ನನ್ನ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿ, "ಇಷ್ಟು ರಕ್ತ ಎಲ್ಲಿ ಹೋತವಾ?" ಎಂದರು. ಗೊತ್ತಿಲ್ಲ ಎಂದೆ. ಅದು ನಿಜವೂ ಆಗಿತ್ತು.

ಬೆರಳಿಟ್ಟು ಪರೀಕ್ಷೆ ಮಾಡಬೇಕು ಎಂದಾಗ ಗೋಡೆಯ ಕಡೆ ಮುಖ ಮಾಡಿದೆ. ಗೋಡೆಯ ಮೇಲೆ ಸುಣ್ಣ ಎದ್ದು ಒಂದು ಕೆರೆಯ ಆಕಾರವಾಗಿತ್ತು. ಅದನ್ನೇ ನೋಡುತ್ತಿದ್ದೆ. ಅವರು ಹೋಗಿ ಬಹಳ ಹೊತ್ತು ಕೈ ತೊಳೆದರು. ನೀರಿನ ಸದ್ದು ಇನ್ನೂ ಸ್ವಲ್ಪ ಹೊತ್ತು ನಿಲ್ಲದಿರಲಿ, ನಿಂತರೆ ಅವರು ಮಾತಾಡುತ್ತಾರೆ ಅಂತ ನನಗನಿಸಿತು. ನಿಂತಿತು. "ಈರಪ್ಪ, ಇದು ಮೂಲವ್ಯಾಧಿ ಅಲ್ಲ. ದೊಡ್ಡ ದವಾಖಾನಿಗೆ ಹೋಗ್ರಿ. ನಾಳೆ ಅನಬ್ಯಾಡ್ರಿ," ಎಂದರು.

ಕ್ಯಾನ್ಸರಿನ ದೊಡ್ಡ ದವಾಖಾನೆಯಲ್ಲಿ ನಮ್ಮ ಸರತಿ ಬರುವವರೆಗೆ ಕುಳಿತುಕೊಳ್ಳುವುದು ಒಂದು ಉದ್ದನೆಯ ಪಡಸಾಲೆಯಲ್ಲಿ. ಗೋಡೆಗುಂಟ ಕಟ್ಟಿಗೆಯ ಬಾಕುಗಳು. ಮಧ್ಯಾಹ್ನದ ಬಿಸಿಲು ನೆಲದ ಮೇಲೆ ಹರಿದು ಬಂದು ಎಲ್ಲರ ಪಾದ ಮುಟ್ಟುವ ಹೊತ್ತಿಗೆ ಮಾತು ತಾನಾಗಿಯೇ ನಿಲ್ಲುತ್ತಿತ್ತು. ಯಾರೋ ಬುತ್ತಿ ಬಿಚ್ಚುವರು. ರೊಟ್ಟಿಯ ವಾಸನೆ, ಶೇಂಗಾ ಹಿಂಡಿಯ ವಾಸನೆ. ಔಷಧದ ಘಾಟಿನ ನಡುವೆ ಅದು ಬಂದಾಗ, ನಾವೆಲ್ಲ ಯಾರದೋ ಮದುವೆಗೆ ಬಂದು ಹೊರಗೆ ಕಾಯುತ್ತಿದ್ದೇವೆ ಅನಿಸುತ್ತಿತ್ತು.

ಪಕ್ಕದಲ್ಲಿ ಸವದತ್ತಿ ಕಡೆಯ ಒಬ್ಬ ರುಮಾಲಿನ ಹಿರಿಯರಿದ್ದರು. ಎದುರಿಗೆ ಕಿತ್ತೂರಿನ ಹತ್ತಿರದ ಹುಡುಗ. ಹುಡುಗನೇ, ಮದುವೆಯ ಅರಿಷಿಣದ ದಾರ ಇನ್ನೂ ಕೈಯಲ್ಲಿತ್ತು. ಅವನ ಹೆಂಡತಿ ಅವನ ಹೆಗಲಿಗೊರಗಿ ನಿದ್ದೆ ಹೋಗಿದ್ದಳು.

"ನಿಮಗೂ ಇದನ?" ಎಂದು ಹಿರಿಯರು ನನ್ನನ್ನು ಕೇಳಿದರು.

"ಹೌದ್ರಿ. ಮೂಲವ್ಯಾಧಿ ಅಂದಿದ್ರು."

"ನನಗೂ ಹಂಗ ಅಂದ್ರು." ಅವರು ಆ ಹುಡುಗನ ಕಡೆ ಗದ್ದ ಎತ್ತಿದರು. "ನಿನಗಪಾ?"

"ನನಗೂ ಅದ ಅಂದ್ರಿ ಅಜ್ಜಾರ."

ಹಿರಿಯರು ರುಮಾಲು ಬಿಚ್ಚಿ ಮತ್ತೆ ಸುತ್ತಿಕೊಂಡರು. "ಇಂಥಾ ದೊಡ್ಡ ಹೆಸರಿನ ರೋಗ ಇಷ್ಟ ಸಣ್ಣ ಹೆಸರ ಇಟಗೊಂಡ ಅಡ್ಡಾಡತೈತಿ ನೋಡ್ರಿ," ಎಂದರು. ಹುಡುಗ ನಕ್ಕ. ಅವನ ಹೆಗಲು ಅಲುಗಿ ಹೆಂಡತಿಗೆ ಎಚ್ಚರವಾಯಿತು.

ಆಪರೇಷನ್ ಮಾಡುವ ಡಾಕ್ಟರು ನನ್ನ ವಯಸ್ಸು ಕೇಳಿ ಪೆನ್ನು ಹಿಡಿದ ಕೈ ತಡೆದರು. ಮೊದಲು ಇಂಥ ಬೇನೆಗೆ ಮುಪ್ಪಿನವರು ಬರುತ್ತಿದ್ದರು, ಈಗೀಗ ನಲವತ್ತರ ಒಳಗಿನವರೂ ಬರುತ್ತಿದ್ದಾರೆ ಎಂದರು. "ನಿಮ್ಮ ಬೈಲಹೊಂಗಲ, ಸವದತ್ತಿ, ರಾಮದುರ್ಗ ಕಡಿಂದ ಬರೋರು ಬಾಳಷ್ಟು ಮಂದಿ ಗಡ್ಡಿ ಕರುಳು ದಾಟಿ ಮುಂದ ಹೋದ ಮ್ಯಾಲೆ ಬರತಾರ. ಅದರಾಗ ಹೆಣ್ಣಮಕ್ಕಳಂತೂ ತೀರ ತಡ. ನೀವು ಸಾಲಿ ಕಲಿಸೋರು. ನಿಮಗೂ ಕಾಣಲಿಲ್ಲೇನು?"

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ನಿಜವಾಗಿಯೂ ತಿಳಿಯಬೇಕೆಂದು ಕೇಳಿದ್ದರು. ನಾನು ಎಂದೂ ಯೋಚಿಸದ ಉತ್ತರ ಬಾಯಿಗೆ ಬಂತು. "ನಾವು ಹೋಗೂದು ಕತ್ತಲದಾಗರಿ ಸರ್. ನಮ್ಮ ನೆಲಾನೂ ಕರೇದು."

ಹೇಳಿದ ಮೇಲೆ ಅದು ನನಗೂ ಮೊದಲ ಸಲ ಕೇಳಿಸಿತು. ಧಾರವಾಡದ ಬಿಳಿ ಪಿಂಗಾಣಿ ಕಣ್ಣ ಮುಂದೆ ಬಂತು. ಗುಣವಾಯಿತೆಂದು ಕಳಿಸಿದ ತೆಂಗಿನಕಾಯಿಯೂ ಬಂತು.

ಆಮೇಲೆ ಅವರು, ಮನೆತನದಲ್ಲಿ ಯಾರಿಗಾದರೂ ಹೀಗೆ ಆಗಿತ್ತೇ ಎಂದರು. ಇಲ್ಲ ಎನ್ನಲು ಬಾಯಿ ತೆರೆದಾಗ ಅವ್ವ ನೆನಪಾದಳು.

ನಮ್ಮ ಅವ್ವ ತೀರಿಕೊಂಡಾಗ ನಾನು ಹೈಸ್ಕೂಲಿನಲ್ಲಿದ್ದೆ, ತಂಗಿ ನೀಲಾ ನನಗಿಂತ ನಾಲ್ಕು ವರ್ಷ ಚಿಕ್ಕವಳು. ಹೊಟ್ಟೆಬೇನೆಯಿಂದ ಹೋದಳು ಎಂದಿದ್ದರು. ಹೊಟ್ಟೆಯ ಯಾವ ಬೇನೆ ಎಂದು ಯಾರೂ ಕೇಳಿರಲಿಲ್ಲ. ಈಗ ಡಾಕ್ಟರ ಮುಂದೆ ಕುಳಿತಾಗ ತವರಿನ ಹೊಲ ಕಂಡಿತು. ನಸುಕಿನ ಗಾಳಿ, ಒಡೆದ ಹತ್ತಿ, ಅವ್ವನ ಬೆನ್ನಿಗೇ ನಡೆಯುವ ನಾನು. ಹೆಂಗಸರೆಲ್ಲ ಎದ್ದು ದಾರಿಗೆ ಬಂದರೂ ಅವ್ವ ಬರುತ್ತಿರಲಿಲ್ಲ. ಗಿಡಗಳ ನಡುವಿನಿಂದ ಅವಳ ದನಿ ಮಾತ್ರ ಬರುತ್ತಿತ್ತು: "ನೀವು ಮುಂದ ನಡೀರಿ, ನಾ ಬಂದೆ." ಬಹಳ ದಿನ, ಬಹಳ ತಿಂಗಳು ಆ ಒಂದೇ ಮಾತು.

"ನಮ್ಮವ್ವಗ ಇತ್ತು ಅನಸತೈತ್ರಿ," ಎಂದೆ.

"ಹಂಗಿದ್ರ ನಿಮಗ ಅಕ್ಕ ತಂಗೇರಿದ್ರ ಅವರನ್ನ ತೋರಸ್ರಿ," ಎಂದರು ಡಾಕ್ಟರು. "ಏನೂ ತ್ರಾಸ ಇಲ್ಲ ಅಂದ್ರೂ ತೋರಸ್ರಿ."

ನನ್ನ ಚಿಕಿತ್ಸೆಯ ವಿವರ ಇಲ್ಲಿ ಬೇಡ. ಮೊದಲು ಕರೆಂಟು, ಅಂದರೆ ವಿಕಿರಣ, ಕೊಟ್ಟರು. ಮೈಯೊಳಗೆ ಒಲೆ ಹಚ್ಚಿಟ್ಟ ಹಾಗಿತ್ತು. ಆಮೇಲೆ ಆಪರೇಷನ್. ಒಳಗೆ ಕರೆದುಕೊಂಡು ಹೋಗುವಾಗ ಮೈಮೇಲಿನದೆಲ್ಲ ತೆಗೆಯಿರಿ ಎಂದರು. ಬಳೆ, ತಾಳಿ ಕೊಟ್ಟೆ. ಕೊರಳಿನ ಇಷ್ಟಲಿಂಗ ಕೊಡಲು ಕೈ ಬರಲಿಲ್ಲ. ತಿಳುವಳಿಕೆ ಬಂದಾಗಿನಿಂದ ಅದು ಮೈ ಬಿಟ್ಟು ಹೋದದ್ದಿಲ್ಲ. ಮನೆಯವರು ಅದನ್ನು ಇಸಿದುಕೊಂಡು, ತಮ್ಮ ಲಿಂಗದ ಜೊತೆ ಕೊರಳಿಗೆ ಹಾಕಿಕೊಂಡು, ಬಾಗಿಲ ಹೊರಗೆ ಕುಳಿತರು.

ಆ ನಿದ್ದೆಯಲ್ಲಿ ಹತ್ತಿಯ ಹೊಲ ಕಂಡೆ. ಕರಿ ನೆಲ ಕಾಣದಷ್ಟು ಹತ್ತಿ ಒಡೆದಿತ್ತು. ಎಲ್ಲಿ ಕಾಲಿಟ್ಟರೂ ಬಿಳಿ. ನಾನು ಅವ್ವನನ್ನು ಹುಡುಕುತ್ತಿದ್ದೆ. ದನಿ ಬರುತ್ತಿತ್ತು, ದಿಕ್ಕು ತಿಳಿಯುತ್ತಿರಲಿಲ್ಲ.

ಎಚ್ಚರವಾದಾಗ ಹೊಟ್ಟೆಯ ಎಡಭಾಗದಲ್ಲಿ ಒಂದು ಚೀಲವಿತ್ತು. ಕರುಳಿನ ತುದಿಯನ್ನು ಅಲ್ಲಿಗೆ ತಂದು ಹೊಲಿದಿದ್ದರು. ಕೆಳಗಿನ ದಾರಿ ಮುಚ್ಚಿದ್ದರು, ಎಂದೆಂದಿಗೂ. ಮೊದಲೇ ಹೇಳಿದ್ದರು, ನಾನು ಹೂಂ ಅಂದಿದ್ದೆ. ಹೂಂ ಅನ್ನುವುದು ಬೇರೆ, ಹೊದಿಕೆ ಸರಿಸಿ ನೋಡುವುದು ಬೇರೆ. ಚೀಲ ಬೆಚ್ಚಗಿತ್ತು. ಯಾವುದೋ ಮರಿ ನನ್ನ ಹೊಟ್ಟೆಯ ಮೇಲೆ ಮಲಗಿದೆ ಎಂದು ಅರೆನಿದ್ದೆಯಲ್ಲಿ ಅಂದುಕೊಂಡೆ. ಪೂರ್ತಿ ಎಚ್ಚರವಾದ ಮೇಲೆ ಅಳು ಬಂತು.

ಮನೆಗೆ ಬಂದ ಮೇಲೆ ಲಿಂಗವನ್ನು ಕೊರಳಿಗೆ ಹಾಕಿಕೊಳ್ಳಲಿಲ್ಲ. ಶಿವದಾರ ಉದ್ದವಿತ್ತು. ಕುಳಿತರೆ ಲಿಂಗವಿದ್ದ ಬೆಳ್ಳಿಯ ಕರಡಿಗೆ ಇಳಿದು ಚೀಲಕ್ಕೆ ತಾಕುತ್ತಿತ್ತು. ಬಟ್ಟೆಯಲ್ಲಿ ಸುತ್ತಿ ಗೋಡೆಯ ಮಾಡದಲ್ಲಿಟ್ಟೆ. ನಮ್ಮ ಅತ್ತೆ ಲಿಂಗಪೂಜೆಯಾಗದೆ ಒಂದು ಗುಟುಕು ನೀರನ್ನೂ ಕುಡಿಯದವರು. ಅವರು ನನ್ನನ್ನು ಅಡಿಗೆಮನೆಗೆ ಸೇರಿಸುತ್ತಾರೋ ಇಲ್ಲವೋ ಎಂಬ ಅಂಜಿಕೆ, ಗಡ್ಡೆಯ ಅಂಜಿಕೆಯಷ್ಟೇ ದೊಡ್ಡದಾಗಿ ನನ್ನ ಜೊತೆ ಮಲಗುತ್ತಿತ್ತು.

ಅವರಿಗೆ ಗೊತ್ತಾಗಲು ತಡವಾಗಲಿಲ್ಲ. "ಕೊರಳು ಯಾಕ ಬರಿದ ಐತಿ?" ಎಂದರು.

ನಾನು ಸೆರಗು ಸರಿಸಿ ತೋರಿಸಿದೆ. ಅವರು ಆವರೆಗೆ ನೋಡಿರಲಿಲ್ಲ. ಬಾಗಿ ನೋಡಿದರು, ಕನ್ನಡಕ ಹಾಕಿಕೊಂಡು ಮತ್ತೆ ನೋಡಿದರು.

"ಇದಕ್ಕ ಹೆದರಿ ದೇವರನ್ನ ಮಾಡದಾಗ ಇಟ್ಟೀಯೇನು?" ಎಂದರು. "ಕರುಳು ಒಳಗಿದ್ದಾಗ ಅದರಾಗೇನ ತುಪ್ಪ ತುಂಬಿತ್ತು?"

ಲಿಂಗ ತಂದು, ಶಿವದಾರವನ್ನು ಬೆರಳಿಗೆ ಸುತ್ತಿ ಗಂಟು ಹಾಕಿ ಗಿಡ್ಡ ಮಾಡಿದರು. ಕೊರಳಿಗೆ ಹಾಕಿ, ಕರಡಿಗೆ ಎದೆಯ ಮೇಲೆಯೇ ನಿಲ್ಲುವುದನ್ನು ನೋಡಿಕೊಂಡರು. "ಲಿಂಗ ಕಟ್ಟಿದ ಮೈಗೆ ಮೈಲಿಗಿ ಇಲ್ಲ. ಎದ್ದ ಮ್ಯಾಲೆ ರೊಟ್ಟಿ ಬಡಿಯೂದ ತಪ್ಪಲಿಲ್ಲ ನಿನಗ," ಎಂದರು. ಆ ಗಂಟು ಈಗಲೂ ಹಾಗೆಯೇ ಇದೆ. ದಾರ ಬದಲಾದಾಗಲೆಲ್ಲ ಅಷ್ಟೇ ಅಳತೆಗೆ ಗಂಟು ಹಾಕುತ್ತೇನೆ.

ಸೂಜಿಯ ಔಷಧಗಳು ಶುರುವಾದಾಗ ತಂಗಿ ನೀಲಾ ನನ್ನ ಆರೈಕೆಗೆಂದು ಸಿರಸಂಗಿಯಿಂದ ಬಂದಳು. ಸಿರಸಂಗಿ ಅವಳ ಗಂಡನ ಊರು; ಅವ್ವ ಹೋದ ಮೇಲೆ ಅವಳ ಮದುವೆ ಬೇಗ ಆಗಿತ್ತು, ಮಗಳು ಮಂಜುಳಾ ಆಗಲೇ ಮದುವೆಯ ವಯಸ್ಸಿಗೆ ಬಂದಿದ್ದಳು. ಗಟ್ಟಿ ಆಳು, ಗಟ್ಟಿ ದನಿ. ಅವಳು ಬಂದ ಮೇಲೆ ಮನೆಯಲ್ಲಿ ಸವಿತಾ ಮತ್ತೆ ನಗತೊಡಗಿದಳು. ನಾನು ಹೊರಗೆ ಹೋಗುವ ಗೊಡವೆಯೇ ಇಲ್ಲದ್ದರಿಂದ ಬೆಳಗಿನ ಗುಂಪಿನಲ್ಲಿ ನನ್ನ ಜಾಗಕ್ಕೆ ನೀಲಾ ಸೇರಿಕೊಂಡಳು. ಹಾಸಿಗೆಯಲ್ಲೇ ಮಲಗಿ, ಗಂಗವ್ವನ ಕೆಮ್ಮು, ಬಾಗಿಲ ಅಗುಳಿಯ ಸದ್ದು, ದೂರವಾಗುವ ಬಳೆಗಳ ಸದ್ದು ಕೇಳುತ್ತಿದ್ದೆ.

ಒಂದು ಬೆಳಿಗ್ಗೆ ಗಂಗವ್ವ ನನ್ನನ್ನು ಮಾತಾಡಿಸಲು ಒಳಗೆ ಬಂದಳು.

"ನಿಮ್ಮ ಮನೆತನಾನ ಹಂಗೇನ್ರಿ ಅಕ್ಕೋರ? ನಿಮ್ಮ ಹಾಜರಿ ಮುಗೀತು ಅನ್ನೂದರಾಗ ನಿಮ್ಮ ತಂಗಿ ಶುರು ಮಾಡ್ಯಾಳ. ದಿನಾ ನಾವು ಕಾಯೂದು, ದಿನಾ ಆಕಿ ಕಂಟ್ಯಾಗಿಂದ 'ನೀವು ಮುಂದ ನಡೀರಿ, ನಾ ಬಂದೆ' ಅನ್ನೂದು!"

ಅವಳು ನಗುತ್ತಿದ್ದಳು. ನನಗೆ ಕೈಯಲ್ಲಿದ್ದ ಚಹಾದ ಬಟ್ಟಲು ಇಡಲು ಜಾಗ ಸಿಗಲಿಲ್ಲ.

ಅಂದೇ ನೀಲಾಳನ್ನು ಹತ್ತಿರ ಕೂರಿಸಿಕೊಂಡೆ.

"ನನ್ನ ಡಾಕ್ಟರ ಕಡೆ ಒಮ್ಮೆ ಬಾ."

"ನನಗೇನ ಧಾಡಿ ಆಗೇತಿ? ನಿನ್ನ ಎತಗೊಂಡ ಬೈಲಹೊಂಗಲತನಕ ನಡೀತೇನಿ ನೋಡಬೇಕೇನು?"

"ಹೊರಗ ಹೋದಾಗ ಏನಾರ ಕಾಣತೈತೇನು?"

"ಅಷ್ಟ ಕತ್ತಲದಾಗ ನನ್ನ ಚರಗೀನ ನನಗ ಕಾಣೂದಿಲ್ಲ. ಇನ್ನೇನ ಕಾಣತೈತಿ?"

"ಅವ್ವನೂ ಹಂಗ ಬಾಳ ಹೊತ್ತು ಕುಂದರತಿದ್ದಳು, ನೀಲಾ."

ಅವಳ ಮುಖ ಬದಲಾಯಿತು. ಎದ್ದು ಹೋಗಿ ಬಾಗಿಲು ಮುಂದೆ ಮಾಡಿ ಬಂದಳು. ದನಿ ಇಳಿಸಿದಳು. "ಅಕ್ಕಾ, ಮಂಜುಳಾನ ನೋಡಾಕ ಮಂದಿ ಬರಾಕ ಹತ್ಯಾರ. ಅವ್ವಗ ಇದ, ಅಕ್ಕಗ ಇದ, ನನಗೂ ಇದ ಅಂತ ಸುದ್ದಿ ಆದ್ರ ಯಾರ ಬರತಾರ ನನ್ನ ಮಗಳಿಗೆ? ರೋಗದ ಬಳ್ಳಿ ಅಂತಾರ. ನಿನ್ನ ಕೈ ಮುಗೀತೇನಿ, ಈ ಮಾತ ತಗೀಬ್ಯಾಡ."

ಮತ್ತೆ ತೆಗೆದೆ. ಅವಳು ರೇಗಿದಳು, ಅತ್ತಳು, ಊರಿಗೆ ಹೋಗುತ್ತೇನೆ ಎಂದಳು. ನನಗೆ ಅವಳನ್ನು ಎಳೆದುಕೊಂಡು ಹೋಗುವ ಶಕ್ತಿ ಇರಲಿಲ್ಲ. ಔಷಧ ಇಳಿಯುತ್ತಿರುವಾಗ ಹಾಸಿಗೆಯ ಪಕ್ಕ ಕುಳಿತ ಅವಳ ಮುಖ ನೋಡುತ್ತಿದ್ದೆ. ಮಂಪರಿನಲ್ಲಿ ಅದು ಅವ್ವನ ಮುಖವಾಗುತ್ತಿತ್ತು, ಮತ್ತೆ ನೀಲಾಳದಾಗುತ್ತಿತ್ತು. ನನ್ನ ಗಡ್ಡೆ ಕರುಳು ದಾಟಿ ಮುಂದೆ ಹೋದ ಮೇಲೆ ಸಿಕ್ಕಿತ್ತು. ಅವಳದು ಇನ್ನೂ ಎಲ್ಲಿದೆಯೋ, ಇದೆಯೋ ಇಲ್ಲವೋ. ತಿಳಿಯುವ ದಾರಿ ಒಂದೇ, ಆ ದಾರಿಗೆ ಅವಳು ಬೆನ್ನು ಹಾಕಿ ಕುಳಿತಿದ್ದಳು.

ಈ ನಡುವೆ ಮನೆಯವರು ಹಿತ್ತಿಲಲ್ಲಿ ಗುಂಡಿ ತೋಡತೊಡಗಿದರು. ಚೀಲ ತೊಳೆಯಲು ನನಗೆ ನೀರು ಬೇಕು, ಮರೆ ಬೇಕು. ಹೊಲದವರೆಗೆ ನಡೆಯುವ ಹಾಗಿರಲಿಲ್ಲ. ಅವರು ಯಾರನ್ನೂ ಕೇಳಲಿಲ್ಲ, ಸಲಿಕೆ ಹಿಡಿದರು. ಏನು ತೋಡುತ್ತಿದ್ದಾರೆಂದು ತಿಳಿದಾಗ ನಮ್ಮ ಅತ್ತೆ ಕಟ್ಟೆಯ ಮೇಲೆ ನಿಂತು ಓಣಿಗೆಲ್ಲ ಕೇಳುವಂತೆ ಕೂಗಿದರು.

"ಮನ್ಯಾಗ ಉಣ್ಣೂದು, ಮನ್ಯಾಗ ಹೇಲೂದು! ಹಂದಿಗೂಡ ಕಟ್ಟಾಕ ಹತ್ತೀಯೇನೋ ಈರಪ್ಪಾ?"

"ಲಿಂಗ ಕಟ್ಟಿದವರಿಗೆ ಮೈಲಿಗಿ ಇಲ್ಲ ಅಂದಿದ್ದೆಲ್ಲ ಯವ್ವಾ?" ಗುಂಡಿಯೊಳಗಿನಿಂದ ಮನೆಯವರ ದನಿ ಬಂತು.

"ಲಿಂಗಕ್ಕ ಮೈಲಿಗಿ ಇಲ್ಲ, ಖರೆ. ನನ್ನ ಹಿತ್ತಲಕ್ಕ ಐತಿ!"

ಬೈಲಹೊಂಗಲದ ಪೇಟೆಯಿಂದ ಪಿಂಗಾಣಿಯ ಸೀಟು ಬಂದ ದಿನ ಓಣಿಯ ಹೆಂಗಸರೆಲ್ಲ ನೋಡಲು ಬಂದರು. ಹುಲ್ಲು ಬಿಚ್ಚಿ ಅಂಗಳದಲ್ಲಿ ಇಟ್ಟಾಗ ಬಿಸಿಲಿಗೆ ಕಣ್ಣು ಕುಕ್ಕುವಷ್ಟು ಬಿಳಿ. ಅತ್ತೆ ದೂರದಿಂದಲೇ ಒಂದು ಸುತ್ತು ಹಾಕಿದರು. "ಇಷ್ಟ ಚಂದ ಬೆಳ್ಳನ ಭಾಂಡೆ. ಇದರಾಗ ರೊಟ್ಟಿ ಹಿಟ್ಟ ನಾದೂದ ಬಿಟ್ಟ..." ಎಂದು ಮಾತು ಮುಗಿಸದೆ ಒಳಗೆ ಹೋದರು.

ಖೋಲಿ ಎದ್ದಿತು. ತಗಡಿನ ಬಾಗಿಲು, ಮೇಲೆ ಕಿಂಡಿ. ಕಿಂಡಿ ದೊಡ್ಡದಿರಲಿ ಎಂದು ನಾನೇ ಹೇಳಿದ್ದೆ. ಆದರೆ ಅದರೊಳಗೆ ಹೋಗುವವಳು ನಾನೊಬ್ಬಳೇ, ಕೂರುವ ಅಗತ್ಯವೇ ಇಲ್ಲದವಳು. ಉಳಿದವರೆಲ್ಲ ಕತ್ತಲಲ್ಲಿ ಹೊಲಕ್ಕೇ ಹೋಗುತ್ತಿದ್ದರು. ನೀಲಾಳಿಗೆ ಎಷ್ಟು ಹೇಳಿದರೂ, "ಗ್ವಾಡಿ ನಡುವ ಕುಂತ್ರ ನನಗ ಬರೂದಿಲ್ಲ ಅಕ್ಕಾ. ಗಾಳಿ ಬೇಕ ನನಗ," ಎನ್ನುತ್ತಿದ್ದಳು.

ಆಮೇಲೆ ಶ್ರಾವಣದ ಮಳೆ ಹಿಡಿಯಿತು. ಬಿಡದೆ, ಸಣ್ಣಗೆ, ಆಕಾಶ ನೆಲಕ್ಕೆ ಹತ್ತಿದ ಹಾಗೆ. ಮಳೆಯಲ್ಲಿ ತೊಯ್ದ ಎರೆಹೊಲ ಗೊತ್ತಿದ್ದವರಿಗೆ ಗೊತ್ತು. ಇಟ್ಟ ಕಾಲು ಬಿಡುವುದಿಲ್ಲ. ಕಿತ್ತರೆ ಮುದ್ದೆ ಮುದ್ದೆ ಮಣ್ಣು ಪಾದಕ್ಕೆ ಅಂಟಿ, ಎರಡು ಹೆಜ್ಜೆಗೆ ಕಾಲು ಆನೆಯದಾಗುತ್ತದೆ. ಗಂಗವ್ವ ಬಿದ್ದು ಚರಗಿ ಕಳೆದುಕೊಂಡು ಬಂದಳು. ನೀಲಾ ಬಾಗಿಲಲ್ಲಿ ನಿಂತು ಮಳೆಯನ್ನು ಬೈದಳು, ಹೊಲವನ್ನು ಬೈದಳು. ಚೆನ್ನಾಗಿ ಬೆಳಕಾದ ಮೇಲೆ, ಇನ್ನು ತಡೆಯಲಾಗದೆ, ತಲೆಯ ಮೇಲೆ ಗೋಣಿಚೀಲದ ಕೊಪ್ಪೆ ಹಾಕಿಕೊಂಡು ಹಿತ್ತಿಲಿಗೆ ಓಡಿದಳು.

ನಾನು ಅಡಿಗೆಮನೆಯ ಕಿಟಕಿಯ ಹತ್ತಿರ ಕುಳಿತಿದ್ದೆ. ತಗಡಿನ ಮೇಲೆ ಮಳೆಯ ಸದ್ದು. ಅದರೊಳಗೆ ಬೇರೆ ಸದ್ದೇನಾದರೂ ಬರುವುದೋ ಎಂದು ಕೇಳುತ್ತಿದ್ದೆ. ಬಹಳ ಹೊತ್ತಾಯಿತು. ಮಳೆ ಸ್ವಲ್ಪ ತಗ್ಗಿತು, ಮತ್ತೆ ಏರಿತು.

"ಅಕ್ಕಾ."

ಅದು ನೀಲಾಳ ಎಂದಿನ ದನಿಯಾಗಿರಲಿಲ್ಲ. ಅವ್ವ ಸತ್ತ ದಿನ ಬಾಗಿಲಲ್ಲಿ ನಿಂತು ನನ್ನನ್ನು ಕರೆದ ಸಣ್ಣ ಹುಡುಗಿಯ ದನಿ.

ಗೋಡೆ ಹಿಡಿದು ನಡೆದೆ. ಅವಳು ಬಾಗಿಲು ತೆರೆದು ಮೂಲೆಗೆ ಒತ್ತಿ ನಿಂತಿದ್ದಳು, ಕೈಯಲ್ಲಿ ಚರಗಿ. ಕಿಂಡಿಯಿಂದ ಮಳೆಯ ಬೂದುಬಣ್ಣದ ಬೆಳಕು ಬೀಳುತ್ತಿತ್ತು. ಬಿಳಿಯ ಮೇಲೆ ಸಣ್ಣ ಕೆಂಪು ಎಳೆ. ಹೊಲಿಗೆಯ ದಾರ ಬಿದ್ದ ಹಾಗೆ, ಅಷ್ಟೇ.

"ರಂಜಕರೀ... ರಂಜಕ ಅಕ್ಕಾ. ನಿನ್ನೆ ಉಂಡಿದ್ನೆಲ್ಲ," ಎಂದಳು. ಗಾಬರಿಯಲ್ಲಿ ಯಾರ ಜೊತೆ ಮಾತಾಡುತ್ತಿದ್ದೇನೆಂಬ ಖಬರೂ ಅವಳಿಗಿರಲಿಲ್ಲ.

"ರಂಜಕ ಹಿಂಗ ಬರೂದಿಲ್ಲವಾ."

ಅವಳು ಚರಗಿ ಎತ್ತಿದಳು. ನಾನು ಅವಳ ಮಣಿಕಟ್ಟು ಹಿಡಿದೆ. ಆಪರೇಷನ್ ಆದ ಮೇಲೆ ಅಷ್ಟು ಬಿಗಿಯಾಗಿ ಏನನ್ನೂ ಹಿಡಿದಿರಲಿಲ್ಲ.

"ನೀರ ಹಾಕಬ್ಯಾಡ. ನೋಡು ಮೊದಲ. ಚಲೋತ್ನಾಗ ನೋಡು."

ಇಬ್ಬರೂ ನಿಂತು ನೋಡಿದೆವು. ಹೊರಗೆ ಅತ್ತೆಯ ದನಿ: "ಇಬ್ಬರೂ ಯಾಕ ಒಳಗ ಸೇರೀರಿ? ಒಬ್ಬರಿಗೆ ಅಂತ ಕಟ್ಟಿಸಿದ್ದು ಅದು!" ಕೂಗುತ್ತಲೇ ಮಳೆಯಲ್ಲಿ ಬಂದರು. ನಮ್ಮ ಹೆಗಲುಗಳ ನಡುವೆ ತಲೆ ತೂರಿಸಿ ನೋಡಿದರು. ಆಮೇಲೆ ಹಿಂದೆ ತಿರುಗಿ ಮನೆಯ ಕಡೆ ಕೂಗಿದರು: "ಈರಪ್ಪಾ, ಹೊಲ ಮನಿ ಬಿಡು. ಇವರನ್ನ ಬಸ್ಸಿಗೆ ಕರಕೊಂಡ ನಡಿ."

ದಾರಿಯುದ್ದಕ್ಕೂ ನೀಲಾ ಕಿಟಕಿಗೆ ಹಣೆ ಹಚ್ಚಿ ಕುಳಿತಿದ್ದಳು. ಅದೇ ಪಡಸಾಲೆ, ಅದೇ ಬಾಕು. ಈ ಸಲ ಹೆಗಲು ನನ್ನದು, ಒರಗಿದವಳು ಅವಳು. ದುರ್ಬೀನು ಹಾಕಿ ನೋಡಿದರು. ತುಂಡು ತೆಗೆದು ಪರೀಕ್ಷೆಗೆ ಕಳಿಸಿದರು. ಫಲಿತಾಂಶ ಬರುವವರೆಗಿನ ದಿನಗಳನ್ನು ನಾನು ನನ್ನ ಬೇನೆಯ ದಿನಗಳಿಗಿಂತ ನಿಧಾನವಾಗಿ ಕಳೆದಿದ್ದೇನೆ.

ಡಾಕ್ಟರು ನೀಲಾಳಿಗೆ ಹೇಳದೆ, ಮೊದಲು ನನ್ನ ಮುಖ ನೋಡಿದರು. ನೀಲಾಳ ಕೈ ಹಿಡಿದುಕೊಂಡೆ. ಆಮೇಲೆ ಅವರು ನಕ್ಕರು. ಅವರು ನಕ್ಕದ್ದನ್ನು ನಾನು ಆವರೆಗೆ ಕಂಡಿರಲಿಲ್ಲ. "ಕ್ಯಾನ್ಸರನ. ಆದರ ಇನ್ನೂ ಕಣ್ಣ ಬಿಟ್ಟಿಲ್ಲ ಇದು," ಎಂದರು. "ಇಷ್ಟ ಸಣ್ಣದಿದ್ದಾಗ ನಿಮ್ಮ ಕಡೆಯವರು ಯಾರೂ ಬರೂದಿಲ್ಲ. ಹೆಂಗ ಗೊತ್ತಾತು?"

"ಬಿಳೇದರ ಮ್ಯಾಲೆ ಕಂಡಿತ್ರಿ," ಎಂದಳು ನೀಲಾ.

ಅವಳಿಗೂ ಆಪರೇಷನ್ ಆಯಿತು. ಆ ಭಾಗ ತೆಗೆದು ಎರಡು ತುದಿ ಕೂಡಿಸಿ ಹೊಲಿದರು. ಚೀಲ ಬೇಕಾಗಲಿಲ್ಲ. ಸಿರಸಂಗಿಗೆ ಹಿಂದಿರುಗುವ ಮೊದಲು, ಮನೆಯಲ್ಲಿ ಖೋಲಿ ಕಟ್ಟಿಸಿದರೆ ಬರುತ್ತೇನೆ ಎಂದು ಗಂಡನಿಗೆ ಹೇಳಿ ಕಳಿಸಿದಳು. ಕಟ್ಟಿಸಿದ. ಮಂಜುಳಾಳನ್ನು ನೋಡಲು ಬಂದವರಿಗೆ ಅವಳೇ ಎಲ್ಲ ಹೇಳಿದಳು. ಒಂದು ಮನೆಯವರು ಎದ್ದು ಹೋದರು. ಇನ್ನೊಂದು ಮನೆಯ ಹುಡುಗನ ತಾಯಿ ಮಾತ್ರ ನೀಲಾಳನ್ನು ಒಳಗೆ ಕರೆದು, ನನಗೂ ಹೀಗೇ ಆಗುತ್ತಿದೆ, ಎಲ್ಲಿ ತೋರಿಸಬೇಕು ಎಂದು ಕೇಳಿದಳಂತೆ. ಮಂಜುಳಾ ಈಗ ಆ ಮನೆಯ ಸೊಸೆ.

ನಾನು ಇದ್ದೇನೆ. ಶಾಲೆಗೂ ಹೋದೆ, ನಿವೃತ್ತಿಗೆ ಇನ್ನೂ ವರ್ಷಗಳಿವೆ. ಕಿತ್ತೂರಿನ ಆ ಹುಡುಗನನ್ನು ಮುಂದಿನ ತಪಾಸಣೆಗಳಲ್ಲಿ ಹುಡುಕಿದೆ, ಕಾಣಲಿಲ್ಲ. ಯಾರನ್ನಾದರೂ ಕೇಳಬಹುದಿತ್ತು. ಕೇಳಲಿಲ್ಲ. ಡಾಕ್ಟರು ಹೇಳಿದ ವಯಸ್ಸಿಗೆ ಸವಿತಾಳನ್ನೂ ಕರೆದೊಯ್ಯಬೇಕು. ಅವಳಿಗೆ ಅದು ಗೊತ್ತಿದೆ.

ಈಗಲೂ ಬೆಳಗಿನ ಮೊದಲ ಅಗುಳಿಯ ಸದ್ದಿಗೆ ನನಗೆ ಎಚ್ಚರವಾಗುತ್ತದೆ. ನಮ್ಮೂರಲ್ಲಿ ಖೋಲಿ ಇರುವ ಮನೆಗಳು ಒಂದೊಂದಾಗಿ ಎದ್ದಿವೆ, ಇಲ್ಲದವೂ ಇವೆ. ಇಲ್ಲದ ಮನೆಯ ಹೆಂಗಸರು ಒಬ್ಬೊಬ್ಬರೇ, ಬೆಳಕಾದ ಮೇಲೆ, ಮೊಸರು ಕೇಳುವ ನೆಪದಲ್ಲಿ ನಮ್ಮ ಹಿತ್ತಿಲಿಗೆ ಬರುತ್ತಾರೆ. "ಒಮ್ಮಿ ನೋಡಕೊಂಡ ಹೋಗತೇನ್ರಿ," ಎನ್ನುತ್ತಾರೆ. ಹಿಂದಿನ ದಿನವೇ ನಾನು ಪಿಂಗಾಣಿಯನ್ನು ಬೆಳ್ಳಗೆ ತಿಕ್ಕಿ ಇಟ್ಟಿರುತ್ತೇನೆ.

ನಮ್ಮ ಅತ್ತೆಗೆ ಈಗ ಕಣ್ಣು ಮಂಜು. ತಗಡಿನ ಬಾಗಿಲ ಹೊರಗೆ ಕಲ್ಲಿನ ಮೇಲೆ, ಲಿಂಗಪೂಜೆ ಮುಗಿಸಿ ವಿಭೂತಿ ಹಚ್ಚಿಕೊಂಡು, ಕೋಲು ಹಿಡಿದು ಕುಳಿತಿರುತ್ತಾರೆ. ಇವತ್ತು ಬೆಳಿಗ್ಗೆ ಒಳಗಿದ್ದವಳು ಗಂಗವ್ವನ ಸೊಸೆ. ಸ್ವಲ್ಪ ಹೊತ್ತಾದ ಮೇಲೆ ಅತ್ತೆ ಕೋಲಿನಿಂದ ತಗಡು ಬಡಿದರು.

"ಏನ ಕಂಡಿತು?"

"ಏನೂ ಇಲ್ಲರಿ ಅಜ್ಜಿ."

"ಚಲೋತ್ನಾಗ ನೋಡಿದೇನು?"

"ನೋಡಿದೆರಿ. ಬೆಳ್ಳಗ ಐತ್ರಿ."

"ಹಂಗಾದ್ರ ನೀರ ಹಾಕು."